ಕಡಿಮೆ ಕರೆಂಟಿನ ಕಂಪ್ಯೂಟರು

ಮನೆಗೆ ಕಂಪ್ಯೂಟರ್ ಬರುವ ಮೊದಲೇ ಅದರ ಮೇಲೆ ಜಗಳ ಶುರುವಾಗಿತ್ತು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನಾವು ಬಾಡಿಗೆಗಿದ್ದ ವಠಾರದ ಒಡತಿ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು. ನಾನು ಆ ವಿಷಯವನ್ನು ಗಂಡನ ಹತ್ತಿರ ಬಿಟ್ಟರೆ ಇನ್ನಾರಲ್ಲೂ ಆಡಿರಲಿಲ್ಲ. ಆದರೆ ಮನೆಗಳ ನಡುವಿನ ಗೋಡೆ ತೆಳು, ಆಕೆಯ ಕಿವಿ ಚುರುಕು.

"ಕಂಪ್ಯೂಟ್ರು ಗಿಂಪ್ಯೂಟ್ರು ತರಂಗಿದ್ರೆ ಈಗ್ಲೇ ಯೋಳ್ಬುಡಮ್ಮ, ಬೇರೆ ಮನೆ ನೋಡ್ಕಳ್ಳೀರಂತೆ. ನಮ್ ಲೈನು ಅದ್ನೆಲ್ಲ ತಡ್ಯಾಕಿಲ್ಲ."

ಇನ್ನೂ ತಂದಿಲ್ಲವಲ್ಲ ಎಂದೆ. ತಂದ ಮೇಲೆ ಹೇಳಿ ಏನು ಪ್ರಯೋಜನ ಎಂದು ಆಕೆ ನನ್ನ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ತನ್ನ ಬಿಂದಿಗೆ ಇಟ್ಟಳು.

ಆ ವಠಾರದಲ್ಲಿ ಸಾಲಾಗಿ ಐದು ಮನೆ. ಬೀದಿಯ ಕಡೆಗೆ ಒಡತಿಯ ದೊಡ್ಡ ಮನೆ, ಅದರ ಹಿಂದೆ ನಮ್ಮ ನಾಲ್ಕು ಬಾಡಿಗೆ ಮನೆಗಳು. ಒಟ್ಟು ಕರೆಂಟಿಗೆ ಒಂದೇ ದೊಡ್ಡ ಮೀಟರು, ಅದು ಅವಳ ಹೆಸರಿನಲ್ಲಿ. ಬಾಡಿಗೆಯವರಿಗೆಲ್ಲ ಮೆಟ್ಟಿಲ ಕೆಳಗಿನ ಮರದ ಹಲಗೆಯ ಮೇಲೆ ಒಂದೊಂದು ಸಣ್ಣ ಮೀಟರು. ಎರಡು ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಅವಳೇ ನಮ್ಮ ಮೀಟರುಗಳನ್ನು ನೋಡಿ ಯಾರು ಎಷ್ಟು ಕೊಡಬೇಕೆಂದು ಹೇಳುತ್ತಿದ್ದಳು, ನಾವ್ಯಾರೂ ಮೀಟರು ನೋಡದೆ ಕೊಡುತ್ತಿದ್ದೆವು. ತಮಿಳುನಾಡಿನಲ್ಲಿ ಇಂತಿಷ್ಟು ಯೂನಿಟ್ ದಾಟಿದರೆ ದರವೇ ಏರಿಬಿಡುತ್ತಿತ್ತು. ಆ ಗೆರೆ ದಾಟಿಸಿದ ಪಾಪಿ ಯಾರು ಎಂದು ಪ್ರತಿ ಬಿಲ್ಲಿಗೂ ಅವಳು ಒಬ್ಬರನ್ನು ಹಿಡಿಯುತ್ತಿದ್ದಳು. ನನಗಿಂತ ಮೊದಲು ಆ ಪಾಲು ಪಕ್ಕದ ಮನೆಯವಳದ್ದು, ಅವಳ ಮನೆಗೆ ಫ್ರಿಜ್ಜು ಬಂದಿತ್ತು. ನನ್ನ ಕಂಪ್ಯೂಟರಿನ ಸುದ್ದಿ ಕೇಳಿದ ಮೇಲೆ ಫ್ರಿಜ್ಜಿನ ಮಾತು ನಿಂತಿತು.

ನನಗೆ ಕಂಪ್ಯೂಟರು ಬೇಕಾಗಿದ್ದುದು ಶೋಕಿಗಲ್ಲ. ನಾನು ಕೃಷ್ಣಗಿರಿಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದೆ. ಮದುವೆ ಕಾಗದ, ಮಾವಿನಹಣ್ಣಿನ ಪೆಟ್ಟಿಗೆಗೆ ಅಂಟಿಸುವ ಚೀಟಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಬರುತ್ತಿದ್ದವು. ನಮ್ಮ ಕಡೆಯ ಮದುವೆ ಕಾಗದವೆಂದರೆ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು, ಕೆಲವೊಮ್ಮೆ ಒಳಪುಟದಲ್ಲಿ ತೆಲುಗು. ಮೂರನ್ನೂ ತಪ್ಪಿಲ್ಲದೆ ಕೂರಿಸುವವಳು ಆ ಪ್ರೆಸ್ಸಿನಲ್ಲಿ ನಾನೊಬ್ಬಳೇ. ಕೃಷ್ಣಗಿರಿ ಜಿಲ್ಲೆಯಾದ ಮೇಲೆ ಕಚೇರಿಗಳ ಕೆಲಸವೂ ಬಂದು, ಮಾಲೀಕ ತನ್ನ ಅಕ್ಕನ ಮಗನನ್ನು ತಂದು ನನ್ನ ಪಕ್ಕ ಕೂರಿಸಿದ. ಅವನಿಗೆ ಕಲಿಸು ಎಂದ, ಕಲಿಸಿದೆ. ಅವನು ಕಲಿತ ವಾರವೇ ನನ್ನ ಕುರ್ಚಿಯನ್ನು ಕತ್ತರಿಸುವ ಯಂತ್ರದ ಪಕ್ಕಕ್ಕೆ ಸಾಗಿಸಿ, ಇನ್ನು ಮೇಲೆ ಪ್ರೂಫ್ ನೋಡಿದರೆ ಸಾಕು ಎಂದ. ಅಂದು ಮಧ್ಯಾಹ್ನವೇ ನನ್ನ ಅಕ್ಷರಗಳ, ಅಂದರೆ ಫಾಂಟುಗಳ, ಸಿ.ಡಿ.ಯನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮಾಲೀಕ ಹಿಂದಿನಿಂದ ಏನೋ ಕೂಗಿದ. ತಿರುಗಿ ನೋಡಲಿಲ್ಲ.

ಹೊಸೂರಿನ ಸುತ್ತ ಕನ್ನಡ ಶಾಲೆಗಳಿದ್ದವು. ಅವರ ಮೇಷ್ಟ್ರುಗಳಿಗೆ ನನ್ನ ಪರಿಚಯವಿತ್ತು. ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಮಾಡಿ ಕೊಡುತ್ತೀನೆಂದರೆ ಕೊಡಲು ಅವರು ತಯಾರು. ನನ್ನ ಹತ್ತಿರ ಯಂತ್ರ ಇರಲಿಲ್ಲ, ಅಷ್ಟೇ.

ಇಲ್ಲಿ ನನ್ನ ಮೈದುನನ ಪ್ರವೇಶ. ನನ್ನ ಗಂಡ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸಕ್ಕಿದ್ದರೆ, ಅವನ ತಮ್ಮ ಹೊಸೂರಿನ ಬಜಾರಿನಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟಿದ್ದ. ಇಬ್ಬರೂ ತುಮಕೂರು ಕಡೆಯಿಂದ ಒಟ್ಟಿಗೇ ಬಂದವರು. ಅಣ್ಣನಿಗೆ ಮಾತು ಕಡಿಮೆ. ತಮ್ಮ ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಮನೆಯವರಿಗೆ ಎಂದು ಅವನು ಕೊಡುವ ಮಾಲು ಯಾವಾಗಲೂ ಅಂಗಡಿಯಲ್ಲಿ ಬಿಕರಿಯಾಗದೆ ಉಳಿದ ಮಾಲೇ ಆಗಿರುತ್ತಿತ್ತು. ನಮ್ಮ ಮನೆಯ ಟೇಪ್‌ರೆಕಾರ್ಡರು ಹಾಗೆ ಬಂದದ್ದು. ಅದರ ಎರಡೂ ಸ್ಪೀಕರಿನಿಂದ ಒಟ್ಟಿಗೆ ಒಂದು ದಿನವೂ ಸದ್ದು ಬರಲಿಲ್ಲ.

ಅಂಗಡಿಗೆ ಹೋಗಿ ನನಗೆ ಬೇಕಾದದ್ದನ್ನು ಹೇಳಿದೆ. ಅಕ್ಷರ ಜೋಡಿಸಬೇಕು, ಬೇರೇನೂ ಬೇಡ. ಆಟ ಬೇಡ, ಸಿನಿಮಾ ಬೇಡ. ಬೆಲೆ ಕೈಗೆಟುಕಬೇಕು, ಕರೆಂಟು ಕಡಿಮೆ ತಿನ್ನಬೇಕು. ಕೊನೆಯ ಮಾತಿಗೆ ಅವನು ಅಂಗಡಿಯ ಇನ್ನಿಬ್ಬರು ಗಿರಾಕಿಗಳ ಕಡೆ ತಿರುಗಿ ನಕ್ಕ.

"ಅತ್ತಿಗೆ, ನಿಮ್ಗೆ ಕಂಪ್ಯೂಟರ್ ಬೇಕಾ, ಟೇಬಲ್ ಲ್ಯಾಂಪ್ ಬೇಕಾ?"

ಆ ಗಿರಾಕಿಗಳೂ ನಕ್ಕರು. ಕರೆಂಟೆಷ್ಟು ತಿನ್ನುತ್ತದೆ ಎಂದು ಫ್ರಿಜ್ ಕೊಳ್ಳುವವರು ಕೇಳುತ್ತಾರೆ, ಕಂಪ್ಯೂಟರ್ ಕೊಳ್ಳುವವರು ಯಾರೂ ಕೇಳಿದ್ದಿಲ್ಲ ಎಂದ. ಆಮೇಲೆ ಕೈ ಹಿಡಿದು ಎಳೆಯುವಂತೆ ಒಂದು ದೊಡ್ಡ ಯಂತ್ರದ ಮುಂದೆ ನಿಲ್ಲಿಸಿದ. ಅದರ ಪ್ರೊಸೆಸರಿನ ವೇಗವನ್ನು ಮಂತ್ರದಂತೆ ಹೇಳಿದ. ಮೊಳದಷ್ಟು ಆಳದ ಗಾಜಿನ ಮಾನಿಟರು, ಒಳಗೆ ಎರಡು ಫ್ಯಾನು. ಪೆಟ್ಟಿಗೆಯ ಹಿಂದೆ ಕೈ ಇಟ್ಟೆ. ಒಲೆಯ ಬಾಯಿಯಿಂದ ಬಂದಂಥ ಬಿಸಿ ಗಾಳಿ.

ಆ ಬಿಸಿ ನನಗೆ ಗೊತ್ತಿತ್ತು. ಪ್ರೆಸ್ಸಿನಲ್ಲಿ ಅದೇ ತಳಿಯ ಯಂತ್ರದ ಮುಂದೆ ಕೂತು ಬೇಸಿಗೆ ಕಳೆದವಳು ನಾನು. ಕರೆಂಟು ಹೋದ ಕೂಡಲೆ ಅದರ ಯು.ಪಿ.ಎಸ್. ಕಿರುಚಲು ಶುರುಮಾಡುತ್ತಿತ್ತು, ಕಡತ ಉಳಿಸಿಕೊಳ್ಳುವಷ್ಟರಲ್ಲಿ ಉಸಿರು ಬಿಡುತ್ತಿತ್ತು. ಲೇಸರ್ ಪ್ರಿಂಟರು ಬಿಸಿಯಾಗುವಾಗ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಅದು ತಿನ್ನುವ ಕರೆಂಟನ್ನು ಪ್ರೆಸ್ಸಿನ ಮಾಲೀಕ ಕಟ್ಟುತ್ತಿದ್ದ. ಇಲ್ಲಿ ಕಟ್ಟುವವರು ನಾವು, ಕಾವಲಿಗೆ ನಿಂತವಳು ಒಡತಿ. ಜೊತೆಗೆ ಆ ವರ್ಷ ತಮಿಳುನಾಡಿನಲ್ಲಿ ದಿನಾ ಇಂತಿಷ್ಟು ಹೊತ್ತು ಎಂದು ಕರೆಂಟು ತೆಗೆಯಲು ಶುರುಮಾಡಿದ್ದರು. ಹೇಳದೆ ತೆಗೆಯುತ್ತಿದ್ದದ್ದು ಬೇರೆ. ಇದು ನನಗೆ ಬೇಡ ಎಂದು ಹೇಳಿ ಹೊರಟು ಬಂದೆ.

ಬೇಡ ಎಂದರೆ ಬೇಡ ಎಂದೇ ಅರ್ಥ ಎಂದುಕೊಂಡಿದ್ದೆ. ನಾಲ್ಕಾರು ದಿನದ ಮೇಲೆ ತರಕಾರಿ ತರಲು ಹೋಗಿ ಬಂದರೆ, ನಮ್ಮ ಹೊರಗಿನ ಕೋಣೆಯಲ್ಲಿ ಮೂರು ದೊಡ್ಡ ರಟ್ಟಿನ ಪೆಟ್ಟಿಗೆ. ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು, ತಮ್ಮ ಬಂದು ಬಾಗಿಲು ಬಡಿದಾಗ ಎದ್ದು ಒಳಗಿಡಿಸಿಕೊಂಡಿದ್ದ. ಅದೇ ಯಂತ್ರ. ಅಂಗಡಿಯಲ್ಲಿ ಗಿರಾಕಿಗೆ ಕಾಣಲೆಂದು ಅಂಟಿಸಿದ್ದ ಬೆಲೆಚೀಟಿ ಮಾನಿಟರಿನ ಮೇಲೆ ಇನ್ನೂ ಇತ್ತು. ಮನೆಯವರು ಅಂತ ಕಡಿಮೆಗೆ ಹಾಕಿಕೊಟ್ಟಿದ್ದಾನೆ, ನಿಧಾನವಾಗಿ ಕೊಟ್ಟರಾಯಿತಂತೆ ಎಂದು ಗಂಡ ಗೋಡೆ ನೋಡಿಕೊಂಡು ಹೇಳಿದ.

ನಾನು ಆ ಕ್ಷಣ ಕೂಗಾಡಲಿಲ್ಲ. ತರಕಾರಿ ಚೀಲವನ್ನು ಕೆಳಗಿಟ್ಟು ಬೀದಿಗೆ ಹೋಗಿ ಲಗೇಜು ಆಟೋ ಒಂದನ್ನು ಕರೆದುಕೊಂಡು ಬಂದೆ. ಗಂಡ ಬಾಗಿಲಿಗೆ ಅಡ್ಡ ನಿಂತ. ತಮ್ಮನ ಮುಖಕ್ಕೆ ಹೊಡೆದ ಹಾಗಾಗುತ್ತದೆ ಎಂದ. ಆಗಲಿ ಎಂದೆ. ನನ್ನ ಮುಖಕ್ಕೆ ಅವನು ನಾಲ್ಕು ಜನರ ಎದುರು ಹೊಡೆದದ್ದು ಇವನಿಗೆ ಲೆಕ್ಕಕ್ಕಿರಲಿಲ್ಲ. ಮಾನಿಟರಿನ ಪೆಟ್ಟಿಗೆಯನ್ನು ನಾನೂ ಆಟೋದವನೂ ಹಿಡಿದು ಎತ್ತಿದೆವು. ಕಲ್ಲಿನಷ್ಟು ಭಾರ. ಉಳಿದ ಎರಡನ್ನು ಗಂಡನೇ ತುಟಿ ಕಚ್ಚಿಕೊಂಡು ತಂದಿಟ್ಟ.

ಒಡತಿ ತನ್ನ ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಪೆಟ್ಟಿಗೆಗಳು ಒಳಗೆ ಹೋದದ್ದನ್ನೂ ನೋಡಿದ್ದಳು, ಹೊರಗೆ ಬಂದದ್ದನ್ನೂ ನೋಡಿದಳು. ತನ್ನ ಮಾತಿಗೆ ಹೆದರಿ ವಾಪಸು ಕಳಿಸಿದಳು ಎಂದು ಆ ಸಂಜೆಯೇ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳಂತೆ.

ನಾನು ಹೆದರಿರಲಿಲ್ಲ, ಹುಡುಕುತ್ತಿದ್ದೆ. ಬಜಾರಿನ ಹಿಂದಿನ ಓಣಿಯಲ್ಲಿ ಇನ್ನೊಂದು ಅಂಗಡಿಯಿತ್ತು. ತಮಿಳು ಮಾತಾಡುವ ನಡುವಯಸ್ಸಿನವನು, ಮುಖದಲ್ಲಿ ನಗೆ ಎಂಬುದು ಹುಡುಕಿದರೂ ಸಿಗದು. ಕರೆಂಟು ಕಡಿಮೆ ತಿನ್ನುವ ಯಂತ್ರ ಎಂದು ತಮಿಳಿನಲ್ಲಿ ಕೇಳಿದಾಗ ಅವನು ನಗಲಿಲ್ಲ, ಅದೇ ದೊಡ್ಡ ಉಪಕಾರವೆನಿಸಿತು. ಹೊಸದಾಗಿ ಒಂದು ಸಣ್ಣ ಬೋರ್ಡು ಬಂದಿದೆ, ಪ್ರೊಸೆಸರು ಅದರಲ್ಲೇ ಅಂಟಿಕೊಂಡಿರುತ್ತದೆ, ಮೆಡಿಕಲ್ ಅಂಗಡಿಯ ಬಿಲ್ಲು ಹಾಕಲು ಒಯ್ಯುತ್ತಾರೆ ಎಂದ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಹಲಗೆಯನ್ನು ತೋರಿಸಿದ. ಮುಟ್ಟಲು ಹೋದರೆ ಮುಂಗಡ ಕೊಟ್ಟು ಮುಟ್ಟು ಎಂದು ಎಳೆದುಕೊಂಡ.

ಅವನ ಜೊತೆಯೂ ಜಗಳವಾಡಬೇಕಾಯಿತು. ನಾನು ಕೂತು ಕೆಲಸ ಮಾಡಿ ನೋಡದೆ ತಗೊಳ್ಳುವುದಿಲ್ಲ ಎಂದೆ. ಇದು ಬಟ್ಟೆ ಅಂಗಡಿಯಲ್ಲ, ಹಾಕಿ ನೋಡಲಿಕ್ಕೆ ಎಂದ. ನಾನು ಅಲ್ಲಿಂದ ಅಲುಗಲಿಲ್ಲ. ಬೇರೆ ಗಿರಾಕಿಗಳು ಬಂದರು, ಹೋದರು. ಕೊನೆಗೆ ಬೇಸತ್ತು, ಯಾರದೋ ಮೆಡಿಕಲ್ ಅಂಗಡಿಗೆ ಕೊಡಲು ಜೋಡಿಸಿಟ್ಟಿದ್ದ ಅಂಥದೇ ಯಂತ್ರವನ್ನು ಹಚ್ಚಿಕೊಟ್ಟ. ಕೈಚೀಲದಿಂದ ಸಿ.ಡಿ. ತೆಗೆದು ನನ್ನ ಅಕ್ಷರಗಳನ್ನು ಹಾಕಿಕೊಂಡೆ. ಮೂರು ಭಾಷೆಯ ಮದುವೆ ಕಾಗದವೊಂದನ್ನು ನೆನಪಿನಿಂದಲೇ ಕೂರಿಸಿದೆ. ಪುಟ ತೆರೆಯುವಾಗ ಯಂತ್ರ ಸ್ವಲ್ಪ ಯೋಚಿಸುತ್ತಿತ್ತು. ದೇವರ ಚಿತ್ರ ಹಾಕಿದಾಗ ಇನ್ನೂ ಹೆಚ್ಚು ಯೋಚಿಸಿತು. ಆದರೆ ಅಕ್ಷರಗಳು ಬೆರಳಿನ ಹಿಂದೆಯೇ ಬಂದವು, ಒಂದೂ ತಡವಾಗಲಿಲ್ಲ. ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಪೆಟ್ಟಿಗೆಯ ಹಿಂದೆ ಕೈ ಇಟ್ಟರೆ ಎಮ್ಮೆಕರುವಿನ ಉಸಿರಿನಷ್ಟು ಬೆಚ್ಚಗೆ, ಅಷ್ಟೇ.

ಅಲ್ಲೇ ಕೂತು ತೀರ್ಮಾನ ಮಾಡಿದೆ. ಬೋರ್ಡು ಅದೇ ಇರಲಿ. ದೊಡ್ಡ ಪ್ರೊಸೆಸರಿಗೆ ಹೋಗಬೇಕಾಗಿದ್ದ ಹಣವನ್ನು ಚಪ್ಪಟೆ ಪರದೆಗೆ ಹಾಕುವುದು, ಏಕೆಂದರೆ ಗಾಜಿನ ಮಾನಿಟರು ಒಂದೇ ಈ ಇಡೀ ಯಂತ್ರಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ ಎಂದು ಅಂಗಡಿಯವನೇ ಒಪ್ಪಿಕೊಂಡ. ಮೆಮೊರಿ ಮಾತ್ರ ಎರಡು ಪಟ್ಟು ಹಾಕಿಸುವುದು. ಆಟಕ್ಕೆಂದು ಹಾಕುವ ಗ್ರಾಫಿಕ್ಸ್ ಕಾರ್ಡು ಬೇಡ. ಪ್ರಿಂಟರು ಮನೆಗೆ ಬೇಡವೇ ಬೇಡ, ಪೆನ್‌ಡ್ರೈವಿನಲ್ಲಿ ಒಯ್ದು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಳ್ಳುವುದು. ಅಗ್ಗದ ಸಾಧಾರಣ ಯು.ಪಿ.ಎಸ್. ಒಂದು. ಅಂಗಡಿಯವನು ಗ್ಯಾರಂಟಿ ಕಾಗದದ ಮೇಲೆ ಸಹಿ ಹಾಕುವಾಗಲೂ ಗೊಣಗುತ್ತಲೇ ಇದ್ದ, ನಾನೂ ಗೊಣಗುತ್ತಲೇ ಹಣ ಕೊಟ್ಟೆ. ಪ್ರೆಸ್ಸಿನ ಸಂಬಳದಲ್ಲಿ ಉಳಿಸಿಟ್ಟದ್ದು ಅದಕ್ಕೆ ಸರಿಹೋಯಿತು. ಗಂಡನನ್ನು ಕೇಳಲಿಲ್ಲ.

ಯಂತ್ರ ಮನೆಗೆ ಬಂದ ವಾರದಲ್ಲೇ ಮೈದುನ ಬಂದ. ಕೂರು ಎನ್ನುವ ಮೊದಲೇ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ಒಳಗೆ ಇಣುಕಿದ. ಆಟದ ಸಾಮಾನು ತಂದಿದ್ದೀರಿ, ಎರಡು ವರ್ಷದಲ್ಲಿ ಕಸದ ಬುಟ್ಟಿಗೆ ಹೋಗುತ್ತೆ ಎಂದ. ಬೋರ್ಡಿನ ಮೇಲಿದ್ದ ಪುಟ್ಟ ಫ್ಯಾನು ಸೊಳ್ಳೆಯಂತೆ ಗುಂಯ್ಗುಟ್ಟುತ್ತಿತ್ತು, ಅದು ನಿಜ. ಅದನ್ನು ಅವನು ಮತ್ತೆ ಮತ್ತೆ ಕೇಳಿಸಿಕೊಂಡು ತಲೆಯಾಡಿಸಿದ. ಊರಿನಲ್ಲಿದ್ದ ಅತ್ತೆಗೆ ಆಗಲೇ ಫೋನಾಗಿತ್ತು. ಸೊಸೆ ಮೈದುನನ ಅಂಗಡಿಯನ್ನು ಬಿಟ್ಟು ಪರರ ಅಂಗಡಿಗೆ ದುಡ್ಡು ಸುರಿದಳು ಎಂಬ ಸುದ್ದಿ ನಮ್ಮ ನೆಂಟರಲ್ಲೆಲ್ಲ ಹರಡಿತ್ತು. ತಗಡನ್ನು ಮುಚ್ಚಿ ಸ್ಕ್ರೂ ಹಾಕಿ ಹೋಗು ಎಂದೆ. ಹಾಕದೆ ಹೋದ. ನಾನೇ ಹಾಕಿದೆ.

ಶಾಲೆಗಳ ಕೆಲಸ ಬರತೊಡಗಿತು. ಬೆಳಿಗ್ಗೆ ಅಡುಗೆ ಮುಗಿಸಿ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಒಡತಿ ದಿನಕ್ಕೆರಡು ಸಲ ನಮ್ಮ ಕಿಟಕಿಯ ಮುಂದೆ ಬಂದು ನಿಂತು ಹೋಗುತ್ತಿದ್ದಳು. ವಠಾರದಲ್ಲಿ ಏನೇ ಆಗಲಿ, ಬಲ್ಬು ಸುಟ್ಟರೆ ನನ್ನಿಂದ, ಫ್ಯೂಸು ಹೋದರೆ ನನ್ನಿಂದ, ಟಿ.ವಿ.ಯಲ್ಲಿ ಚುಕ್ಕೆ ಬಂದರೆ ನನ್ನಿಂದ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಫ್ಯಾನು ನಿಂತಿತು. ದಿನದ ಪವರ್‌ಕಟ್ಟಿನ ಸಮಯವಾಗಿರಲಿಲ್ಲ. ಪಕ್ಕದ ಮನೆಯ ರೇಡಿಯೋ ಹಾಡುತ್ತಲೇ ಇತ್ತು. ಮೆಟ್ಟಿಲ ಕೆಳಗೆ ನಮ್ಮ ಫ್ಯೂಸನ್ನು ಯಾರೋ ಕಿತ್ತಿದ್ದಾರೆಂದು ಗೊತ್ತಾಯಿತು, ಯಾರೆಂದೂ ಗೊತ್ತಾಯಿತು. ಆದರೆ ಆರನೇ ತರಗತಿಯ ಸಮಾಜದ ಪ್ರಶ್ನೆಪತ್ರಿಕೆ ಅಂದೇ ಕೊಡಬೇಕಿತ್ತು. ಯು.ಪಿ.ಎಸ್. ಮೇಲೆ ಯಂತ್ರ ನಡೆಯುತ್ತಿತ್ತು. ಪ್ರೆಸ್ಸಿನ ಯಂತ್ರವಾಗಿದ್ದರೆ ಆ ಹೊತ್ತಿಗೆ ಸತ್ತಿರುತ್ತಿತ್ತು. ಇದು ಎಳೆಯುವ ಕರೆಂಟು ಅಷ್ಟು ಕಡಿಮೆಯಾದ್ದರಿಂದ ಅದೇ ಅಗ್ಗದ ಬ್ಯಾಟರಿ ಆರಾಮವಾಗಿ ಎಳೆಯುತ್ತಿತ್ತು. ನಾನು ಬೆವರೊರೆಸಿಕೊಂಡು ಟೈಪು ಮಾಡುತ್ತಲೇ ಇದ್ದೆ.

ಸ್ವಲ್ಪ ಹೊತ್ತಿನಲ್ಲಿ ಒಡತಿ ಬಾಗಿಲಿಗೆ ಬಂದಳು. ದೀಪವಿಲ್ಲದ ಮಬ್ಬು ಕೋಣೆಯಲ್ಲಿ ಬೆಳಗುತ್ತಿದ್ದ ಪರದೆಯನ್ನು ನೋಡಿ ಅವಳ ಮುಖ ಬದಲಾಯಿತು.

"ಪೀಸು ನಾನೇ ಕಿತ್ತಿವ್ನಿ. ಇದೆಂಗೆ ಉರೀತೈತೆ? ಎಲ್ಲಿಂದ ಕದ್ದಿದ್ದೀಯ ಕರೆಂಟ್ನ?"

ನಾನು ಎದ್ದು ಯು.ಪಿ.ಎಸ್. ತೋರಿಸಿ, ಅದರೊಳಗೆ ಬ್ಯಾಟರಿ ಇದೆ, ಮೊದಲೇ ತುಂಬಿಸಿಟ್ಟ ಕರೆಂಟು ಎಂದು ಹೇಳಿದೆ. ಯಾಕೆ ಕಿತ್ತೆ ಎಂದು ಕೇಳಿದೆ. ಓಹೋ, ನಮ್ಮ ಕರೆಂಟನ್ನು ಡಬ್ಬದಲ್ಲಿ ತುಂಬಿಟ್ಟುಕೊಳ್ಳುವುದೂ ಉಂಟೋ ಎಂದು ಗಟ್ಟಿಯಾಗಿ, ಹೊರಗಿನವರಿಗೆ ಕೇಳುವಂತೆ ಹೇಳುತ್ತ ಇಳಿದು ಹೋದಳು. ಫ್ಯೂಸನ್ನು ನಾನೇ ಹೋಗಿ ಹಾಕಿದೆ. ಅಂದಿನಿಂದ ವಠಾರದಲ್ಲಿ ನಾನು ಕರೆಂಟನ್ನು ಡಬ್ಬಕ್ಕೆ ತುಂಬುವವಳು.

ಮುಂದಿನ ಬಿಲ್ಲು ಬಂದಾಗ ಅವಳು ಎಲ್ಲರನ್ನೂ ಅಂಗಳಕ್ಕೆ ಕರೆದಳು. ದರದ ಗೆರೆ ದಾಟಿತ್ತು. ನಮ್ಮ ಸಣ್ಣ ಮೀಟರಿನಲ್ಲಿ ಉಳಿದವರಿಗಿಂತ ಬಹಳ ಹೆಚ್ಚು ಓಡಿತ್ತು. ಇವಳೊಬ್ಬಳಿಂದ ಎಲ್ಲರಿಗೂ ಹೊರೆ, ಹೆಚ್ಚಾದದ್ದನ್ನೆಲ್ಲ ಇವಳೇ ಕಟ್ಟಲಿ ಎಂದಳು. ಪಕ್ಕದ ಮನೆಯವಳು ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡಳು. ನನ್ನ ಗಂಡ ಮೆಲ್ಲಗೆ, ಕಟ್ಟಿಬಿಡೋಣ, ಯಂತ್ರ ಬಂದ ಮೇಲೆ ಜಾಸ್ತಿಯಾಗಿರಬಹುದು ಎಂದ. ಒಡತಿಯ ಮಾತಿಗಿಂತ ಆ ಮಾತು ನನ್ನನ್ನು ಹೆಚ್ಚು ಉರಿಸಿತು. ಅಷ್ಟು ಹುಡುಕಿ, ಅಷ್ಟು ಜನರ ಹತ್ತಿರ ಆಡಿಸಿಕೊಂಡು ತಂದ ಯಂತ್ರದ ಮೇಲೆ ಅವನಿಗೂ ನಂಬಿಕೆಯಿರಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಎಲ್ಲವನ್ನೂ ಆರಿಸಿದೆ. ಕಂಪ್ಯೂಟರನ್ನು ಮಾತ್ರ ಹಚ್ಚಿಟ್ಟು ಮೆಟ್ಟಿಲ ಕೆಳಗೆ ಹೋಗಿ ನಮ್ಮ ಮೀಟರಿನ ಮುಂದೆ ನಿಂತೆ. ಒಳಗಿನ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಒಂದು ಕೆಂಪು ಗುರುತಿರುತ್ತದೆ, ಕರೆಂಟು ಹೆಚ್ಚು ಹರಿದಷ್ಟೂ ಬಿಲ್ಲೆ ಜೋರಾಗಿ ತಿರುಗುತ್ತದೆ. ನನ್ನ ಯಂತ್ರ ಎಷ್ಟು ತಿರುಗಿಸುತ್ತದೆ ಎಂದು ಗಂಡನಿಗೆ ಕಣ್ಣಾರೆ ತೋರಿಸಬೇಕೆಂದಿದ್ದೆ. ನೋಡಿದರೆ ಬಿಲ್ಲೆ ಬುಗುರಿಯ ಹಾಗೆ ತಿರುಗುತ್ತಿತ್ತು. ಮೈದುನ ಹೇಳಿದ್ದು, ಒಡತಿ ಹೇಳಿದ್ದು, ಎಲ್ಲ ನಿಜವಾಯಿತೇ ಎಂದುಕೊಂಡೆ.

ಒಳಗೆ ಹೋಗಿ ಕಂಪ್ಯೂಟರನ್ನೂ ಆರಿಸಿ, ಮನೆಯೊಳಗಿನ ಮೇನ್ ಸ್ವಿಚ್ಚನ್ನೇ ಕೆಳಕ್ಕೆಳೆದು ಬಂದೆ. ಬಿಲ್ಲೆ ಇನ್ನೂ ತಿರುಗುತ್ತಿತ್ತು, ಅದೇ ಜೋರಿನಲ್ಲಿ.

ಒಡತಿಗೆ ದೋಸೆ ಹಿಟ್ಟಿನ ವ್ಯಾಪಾರವಿತ್ತು. ಫ್ಯಾಕ್ಟರಿಗೆ ಹೋಗುವವರ ಮನೆಗಳಿಗೆಲ್ಲ ಅವಳ ಹಿಟ್ಟೇ. ಹಿತ್ತಿಲ ಶೆಡ್ಡಿನಲ್ಲಿ ಹೋಟೆಲಿನವರು ಇಡುವಂಥ ದೊಡ್ಡ ಗ್ರೈಂಡರು, ಅದರ ಗರಗರ ಸದ್ದು ನಮ್ಮ ಕಿವಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಕೇಳಿಸುತ್ತಲೇ ಇರಲಿಲ್ಲ. ಆ ಹೊತ್ತು ಸದ್ದು ನಿಂತಿದ್ದರಿಂದ ಕೇಳಿಸಿತು. ಸದ್ದು ನಿಂತ ಕೂಡಲೆ ಬಿಲ್ಲೆಯೂ ನಿಧಾನವಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಗ್ರೈಂಡರು ಮತ್ತೆ ಶುರುವಾಯಿತು, ಬಿಲ್ಲೆ ಓಡತೊಡಗಿತು. ನಾನು ಅಲ್ಲೇ ನಿಂತು ಇನ್ನೊಂದು ಸಲ ನಿಲ್ಲುವವರೆಗೆ ಕಾದೆ. ನಿಂತಿತು. ಹಲಗೆಯ ಹಿಂಬದಿಯಿಂದ ಒಂದು ಬಿಳಿ ವೈರು ಗೋಡೆಯ ಮೇಲೆ, ಒಣಹಾಕಿದ ಗೋಣಿಚೀಲಗಳ ಹಿಂದೆ ಹಾದು ಶೆಡ್ಡಿನ ಸೂರಿಗೆ ಹೋಗಿತ್ತು.

ಸಂತೋಷವಾಯಿತೆಂದರೆ ಸುಳ್ಳು. ನಾವು ಆ ಮನೆಗೆ ಬಂದಂದಿನಿಂದ ಬೀದಿಗೆಲ್ಲ ಅವಳ ಹಿಟ್ಟನ್ನು ರುಬ್ಬಿಸಿಕೊಟ್ಟವರು ನಾವೇ.

ಗಂಡ ಬರುವವರೆಗೆ ಬಾಯಿ ಬಿಡಲಿಲ್ಲ. ಬಂದ ಮೇಲೆ ಚಹಾ ಕೂಡ ಕೊಡದೆ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಸಂಜೆಯ ಹಿಟ್ಟಿನ ಹೊತ್ತು. ಫ್ಯಾಕ್ಟರಿಯಲ್ಲಿ ದಿನವಿಡೀ ಮೋಟಾರುಗಳ ಮಧ್ಯೆ ಇರುವವನು, ಅವನಿಗೆ ವಿವರಿಸಬೇಕಾಗಿರಲಿಲ್ಲ. ವೈರನ್ನು ಕಣ್ಣಿನಿಂದಲೇ ಹಿಡಿದುಕೊಂಡು ಶೆಡ್ಡಿನವರೆಗೆ ಹೋಗಿ ಬಂದ. ಆಮೇಲೆ ಅವನು ಹೇಳಿದ ಮಾತು ಇದು: ಸುಮ್ಮನಿದ್ದುಬಿಡೋಣ, ಇಲ್ಲಿ ನೀರಿನ ತೊಂದರೆಯಿಲ್ಲ.

ನಾನು ಸುಮ್ಮನಿರಲಿಲ್ಲ. ನೇರವಾಗಿ ಶೆಡ್ಡಿಗೆ ಹೋದೆ. ಒಡತಿ ಹಿಟ್ಟನ್ನು ಪಾತ್ರೆಗೆ ಬಳಿಯುತ್ತಿದ್ದಳು. ಹಿಟ್ಟು ಕೊಳ್ಳಲು ಬಂದ ಮೂರು ನಾಲ್ಕು ಹೆಂಗಸರು ನಿಂತಿದ್ದರು, ಪಕ್ಕದ ಮನೆಯವಳೂ ಇದ್ದಳು. ಈ ಗ್ರೈಂಡರಿನ ವೈರು ನಮ್ಮ ಮೀಟರಿನಿಂದ ಬಂದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಮ್ಮ ಮನೆ ಪೂರ್ತಿ ಆರಿಸಿದ್ದರೂ ಮೀಟರು ತಿರುಗುತ್ತಿದೆ, ಬಂದು ನೋಡಿ ಎಂದೆ. ಯಾರೂ ಅಲುಗಲಿಲ್ಲ.

ಅವಳು ಕೈ ತೊಳೆದುಕೊಂಡಳು. ನಾಚಿಕೆಯಾಗಲಿ ಗಾಬರಿಯಾಗಲಿ ಕಾಣಲಿಲ್ಲ.

"ಅದು ಮೊದ್ಲಿಂದ್ಲೂ ಅಂಗೇ ಐತೆ. ಮನೆ ನಂದು, ಗ್ವಾಡೆ ನಂದು, ವೈರು ನಂದು. ನೀನು ಎಲ್ಲಿಂದ್ಲೋ ಬಂದೋಳು ನಂಗೆ ಕಳ್ಳಿ ಅಂತೀಯಾ?"

ಮೊನ್ನೆ ನೀನು ನನ್ನನ್ನು ಅಂದದ್ದು ಅದೇ ತಾನೇ ಎಂದೆ. ಕರೆಂಟು ಆಫೀಸಿಗೆ ಬರೆದುಕೊಡುತ್ತೀನಿ, ಮನೆ ಕರೆಂಟಿನಲ್ಲಿ ವ್ಯಾಪಾರದ ಗ್ರೈಂಡರು ಓಡಿಸುತ್ತಿದ್ದಾಳೆ ಅಂತ. ಆಗ ಮಾತ್ರ ಅವಳ ಕಣ್ಣು ಸ್ವಲ್ಪ ಅಲ್ಲಾಡಿತು. ತಮಿಳಿಗೆ ತಿರುಗಿ ನಿಂತಿದ್ದ ಹೆಂಗಸರಿಗೆ ಏನೇನೋ ಹೇಳಿದಳು. ಕರ್ನಾಟಕದಿಂದ ಬಂದವರಿಗೆ ಮನೆ ಕೊಟ್ಟದ್ದೇ ತಪ್ಪು ಎಂಬುದು ಅದರಲ್ಲಿ ಒಂದು. ಅವಳ ಮನೆಮಾತೂ ಕನ್ನಡವೇ. ನಾನು ಪಕ್ಕದ ಮನೆಯವಳ ಕಡೆ ತಿರುಗಿ, ನಿನ್ನ ಫ್ರಿಜ್ಜಿಗೆ ಎಷ್ಟು ಅನ್ನಿಸಿಕೊಂಡೆ, ನಿನ್ನ ಮೀಟರನ್ನೂ ನೋಡಿಕೋ ಎಂದೆ. ನಮಗೇನೂ ತೊಂದರೆಯಿಲ್ಲಮ್ಮ ಎಂದು ಅವಳು ಹಿಟ್ಟಿನ ಡಬ್ಬಿಯನ್ನು ಒಡತಿಯ ಕಡೆ ಚಾಚಿದಳು.

ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಒಡತಿ ಹೇಳಿದಳು. ಖಾಲಿ ಮಾಡುತ್ತೀವಿ, ಆ ಬಿಲ್ಲಿನ ಒಂದು ಪೈಸೆ ಕೊಡುವುದಿಲ್ಲ ಎಂದೆ. ಕೊಡಲಿಲ್ಲ. ಆಫೀಸಿಗೆ ಬರೆದುಕೊಡಲು ಗಂಡ ಬಿಡಲಿಲ್ಲ. ಅದೊಂದು ಮಾತಿಗೆ ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಉಳಿದ ದಿನಗಳಲ್ಲಿ ಫ್ಯೂಸು ಹಲವು ಸಲ ಮಾಯವಾಯಿತು. ಬೆಳಿಗ್ಗೆ ಯು.ಪಿ.ಎಸ್. ತುಂಬಿಸಿಕೊಂಡು, ಕಿತ್ತಾಗ ಅದರ ಮೇಲೆಯೇ ಕೆಲಸ ಮಾಡಿ, ಆಮೇಲೆ ಹೋಗಿ ಫ್ಯೂಸು ಹಾಕಿ ಬರುತ್ತಿದ್ದೆ. ಶಾಲೆಗಳಿಗೆ ಒಂದು ಪತ್ರಿಕೆಯೂ ತಡವಾಗಲಿಲ್ಲ. ಸಾಮಾನು ಸಾಗಿಸುವ ದಿನ ಒಡತಿ ಒಳಗೆ ಬಂದು ಬಲ್ಬಿನ ಹೋಲ್ಡರುಗಳನ್ನೂ ಕಿಟಕಿಯ ಚಿಲಕಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ನಾನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಮುಂದೆ ಕೂತೆ.

ತೊರಪಲ್ಲಿ ಅಗ್ರಹಾರದ ಕಡೆ ಹೋಗುವ ದಾರಿಯಲ್ಲಿ ಒಂಟಿ ಮನೆ ಸಿಕ್ಕಿತು. ಹೆಂಚಿನ ಮನೆ, ನೀರಿಗೆ ಸ್ವಲ್ಪ ನಡೆಯಬೇಕು. ಆದರೆ ಅದಕ್ಕೆ ಅದರದೇ ಮೀಟರು. ಮೊದಲ ಬಿಲ್ಲು ಬಂದಾಗ ಅದು ಹಳೆಯದರ ಅರ್ಧವೂ ಇರಲಿಲ್ಲ. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಗಡಿಯಾರದ ಹಿಂದೆ ಸಿಕ್ಕಿಸಿದ. ಯಂತ್ರದ್ದು ತಪ್ಪಿರಲಿಲ್ಲ ಎಂದು ಅವನು ಹೇಳಬೇಕಾಗಿತ್ತು.

ಮೈದುನ ಆ ಮನೆಗೆ ಬರಲಿಲ್ಲ. ನಾವು ವಾಪಸು ಕಳಿಸಿದ ಯಂತ್ರವನ್ನು ಯಾವುದೋ ನೆಂಟರ ಮನೆಗೆ ದಾಟಿಸಿದನಂತೆ. ಒಂದು ನಾಮಕರಣದಲ್ಲಿ ಎದುರಾದಾಗ, ಟೇಬಲ್ ಲ್ಯಾಂಪು ಇನ್ನೂ ಉರಿಯುತ್ತಿದೆಯಾ ಎಂದು ಕೇಳಿದ. ನಿನ್ನ ಒಲೆಯಲ್ಲಿ ಈಗ ಯಾರು ಅನ್ನ ಮಾಡಿಕೊಳ್ಳುತ್ತಿದ್ದಾರೆ ಎಂದು ಕೇಳಿದೆ. ಆಮೇಲೆ ನಾವು ಮಾತಾಡಿದ್ದಿಲ್ಲ.

ವರ್ಷ ಕಳೆದ ಮೇಲೆ ಹೊಸೂರಿನ ಬಸ್ ನಿಲ್ದಾಣದಲ್ಲಿ ಹಳೆಯ ವಠಾರದ ಪಕ್ಕದ ಮನೆಯವಳು ಸಿಕ್ಕಳು. ತಾನಾಗಿಯೇ ಹತ್ತಿರ ಬಂದು, ನೀವು ಹೋದ ಮೇಲೆ ಆ ವೈರು ನಮ್ಮ ಮೀಟರಿಗೆ ಬಂದಿದೆ ಎಂದು ಪಿಸುಗುಟ್ಟಿದಳು. ನೋಡಿದೆಯಾ ಎಂದು ಕೇಳಿದೆ. ನೋಡಿದೆ ಎಂದಳು. ಮತ್ತೆ ಕೇಳಲಿಲ್ಲವೇ ಎಂದರೆ, ಏನು ಕೇಳೋದು, ಹಿಟ್ಟು ಚೆನ್ನಾಗಿರುತ್ತೆ, ಮಕ್ಕಳ ಸ್ಕೂಲು ಹತ್ತಿರ ಎಂದು ಏನೇನೋ ಹೇಳಿದಳು. ನಾನು ಏನಾದರೂ ಸಮಾಧಾನ ಹೇಳಬಹುದೆಂದು ಕಾಯುತ್ತ ನಿಂತಳು. ಕೃಷ್ಣಗಿರಿಯ ಬಸ್ ಬಂತು. ಅಲ್ಲಿನ ಒಂದು ಮಾವಿನ ಮಂಡಿಯವರು ಪೆಟ್ಟಿಗೆ ಚೀಟಿಯ ಕೆಲಸವನ್ನು ಪ್ರೆಸ್ಸಿನಿಂದ ಬಿಡಿಸಿ ನನಗೆ ಕೊಟ್ಟಿದ್ದರು, ಅದನ್ನು ಅಂದು ಮುಟ್ಟಿಸಬೇಕಿತ್ತು. ಅವಳಿಗೆ ಬರುತ್ತೇನೆ ಎಂದೂ ಹೇಳದೆ ಬಸ್ ಹತ್ತಿ, ಅವಳು ಕಾಣದ ಬದಿಯ ಕಿಟಕಿಯ ಪಕ್ಕ ಕೂತೆ.